ಹದಿಮೂರು ಮಂದಿ ಸಿಗದ ಸಂಜೆ

2022ರ ಜನವರಿ 23, ಭಾನುವಾರ. ನಮ್ಮ ಘೋಡಬಂದರ್ ರಸ್ತೆಯಲ್ಲಿ ಅಪರೂಪಕ್ಕೆ ಹಾರ್ನುಗಳ ಗಲಾಟೆ ಕಡಿಮೆ ಇತ್ತು. ಓಮಿಕ್ರಾನ್ ಅಲೆ ಊರನ್ನೆಲ್ಲ ಮನೆಯೊಳಗೆ ಕೂರಿಸಿತ್ತು. ಮಗಳು ಮಾತ್ರ ಬೆಳಗ್ಗಿನಿಂದಲೇ ನೀಲಿ ಜೆರ್ಸಿ ಹಾಕಿಕೊಂಡು ತಿರುಗುತ್ತಿದ್ದಳು. ಅಂದು ಸಂಜೆ ನೆರೂಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಎಎಫ್‌ಸಿ ಮಹಿಳಾ ಏಷ್ಯಾ ಕಪ್ ಫುಟ್ಬಾಲ್, ಭಾರತಕ್ಕೂ ಚೈನೀಸ್ ತೈಪೆಗೂ ಪಂದ್ಯ. ಕಳವಾ, ಐರೋಲಿ ದಾಟಿದರೆ ಅಷ್ಟೇ, ಹೆಚ್ಚು ಕಡಿಮೆ ಗಂಟೆಯ ದಾರಿ. ಆದರೆ ಪ್ರೇಕ್ಷಕರಿಗೆ ಪ್ರವೇಶವಿಲ್ಲ. "ಇಷ್ಟು ಹತ್ತಿರ ಆಡಿದರೂ ಟಿವಿಯಲ್ಲೇ ನೋಡಬೇಕಾ ಅಮ್ಮ?" ಎಂದು ವಾರದಿಂದ ಮುನಿಸಿಕೊಂಡಿದ್ದಳು.

ಟಿವಿಯಲ್ಲೂ ನೋಡಲಿಕ್ಕೆ ಆಗಲಿಲ್ಲ. ನಮ್ಮ ತಂಡದ ಹನ್ನೆರಡರಷ್ಟು ಆಟಗಾರ್ತಿಯರಿಗೆ ಕೋವಿಡ್ ಪಾಸಿಟಿವ್ ಬಂದಿತ್ತು. ನಿಯಮದ ಪ್ರಕಾರ ಕನಿಷ್ಠ ಹದಿಮೂರು ಮಂದಿಯ ಹೆಸರು ಕೊಡಬೇಕು. ಕೊಡಲಾಗಲಿಲ್ಲ. ಪಂದ್ಯ ರದ್ದಾಯಿತು. ಆಮೇಲೆ ಟೂರ್ನಿಯಿಂದಲೇ ಭಾರತ ಹೊರಬಿತ್ತು. 20ರಂದು ಇರಾನ್ ವಿರುದ್ಧ ಗೋಲಿಲ್ಲದೆ ಸಮ ಮಾಡಿಕೊಂಡಿದ್ದ ಪಂದ್ಯವೂ ಲೆಕ್ಕಕ್ಕಿಲ್ಲದಂತಾಯಿತು. 2023ರ ವಿಶ್ವಕಪ್ಪಿಗೆ ಹೋಗುವ ದಾರಿಯೂ ಇದೇ ಟೂರ್ನಿಯಾಗಿತ್ತು. ನಮ್ಮದೇ ಅಂಗಳದಲ್ಲಿ, ಸೋಲದೇ ಮನೆಗೆ ಹೋದ ಹುಡುಗಿಯರು!

ಮಗಳು ಜೆರ್ಸಿ ತೆಗೆದು ಕುರ್ಚಿಯ ಮೇಲೆ ಎಸೆದಳು. ಆಮೇಲೆ ಕೇಳಿದ ಪ್ರಶ್ನೆಗೆ ನಾನು ತಯಾರಿರಲಿಲ್ಲ. "ಲಸಿಕೆ ಹಾಕಿಸಿಕೊಂಡವರಿಗೇ ಬರುತ್ತದೆ ಅಂದಮೇಲೆ ನಾನು ಯಾಕೆ ಹಾಕಿಸಿಕೊಳ್ಳಬೇಕು?"

ಆ ತಿಂಗಳ 3ರಿಂದ 15 ದಾಟಿದ ಮಕ್ಕಳಿಗೆ ಕೋವ್ಯಾಕ್ಸಿನ್ ಶುರುವಾಗಿತ್ತು. ಅವಳ ಮೊದಲ ಡೋಸಿಗೆ ಆ ವಾರವೇ ಹೆಸರು ಬರೆಸಿದ್ದೆ.

ಅವಳ ಮಾತು ಪೂರಾ ತಪ್ಪೂ ಆಗಿರಲಿಲ್ಲ. ಹತ್ತು ದಿನ ಹಿಂದೆ ದೆಹಲಿಯ ಇಂಡಿಯಾ ಓಪನ್ ಬ್ಯಾಡ್ಮಿಂಟನ್‌ನಲ್ಲಿ ಏಳು ಮಂದಿ ಭಾರತೀಯರು ಪಾಸಿಟಿವ್ ಬಂದು ಹೊರನಡೆದಿದ್ದರು. ಅವರಲ್ಲಿ ಕಿಡಂಬಿ ಶ್ರೀಕಾಂತ್ ಇದ್ದರು, ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ ಇದ್ದರು, ಕರ್ನಾಟಕದ ಮಿಥುನ್ ಮಂಜುನಾಥ್ ಇದ್ದರು. ಅದಕ್ಕೂ ಮೊದಲು, ಡಿಸೆಂಬರಿನಲ್ಲಿ, ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಆಟಗಾರರಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಮಂದಿ ಲಸಿಕೆ ಪಡೆದಿದ್ದರೂ ಸೋಂಕು ಹಬ್ಬಿ ಪಂದ್ಯಗಳನ್ನು ಮುಂದೂಡಬೇಕಾಗಿ ಬಂದಿತ್ತು.

ನಾನು ಉತ್ತರ ಕೊಡದೆ ಅಡುಗೆಮನೆಗೆ ಹೋದೆ. ಅಲ್ಲಿ ನೆನಪಾದವನು ಅಣ್ಣ.

ಅಣ್ಣ ಊರಿನಲ್ಲಿ ವಾಲಿಬಾಲ್ ಆಡುತ್ತಿದ್ದವನು. ಅವನ ಸ್ಮ್ಯಾಶ್ ಎಂದರೆ ಆಚೆ ಬದಿಯವರು ಹಿಂದೆ ಸರಿಯುತ್ತಿದ್ದರು. ಡೊಂಬಿವಲಿಗೆ ಬಂದು ಕೆಲಸಕ್ಕೆ ಸೇರಿದ ಮೇಲೂ ಬೆಳಗ್ಗಿನ ಓಟ ಬಿಟ್ಟವನಲ್ಲ. 2021ರ ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲ ಲಸಿಕೆ ಎಂದಾಗ ಅವನಿಗೆ 48. "ಮೊದಲು ಅಗತ್ಯ ಇರುವವರು ಹಾಕಿಸಿಕೊಳ್ಳಲಿ ಮಾರಾಯ್ತಿ, ನನಗೆಂತದ್ದು?" ಎಂದು ನಕ್ಕ. ಏಪ್ರಿಲ್ ಕೊನೆಗೆ ಜ್ವರ ಬಂತು. ಹಾಸಿಗೆಗಾಗಿ ಕಲ್ಯಾಣದಿಂದ ಠಾಣೆಯವರೆಗೆ ಫೋನು ಮಾಡದ ಕಡೆ ಇಲ್ಲ. ಸಿಕ್ಕಿತು, ತಡವಾಗಿ. ಮೇ ತಿಂಗಳ ಎರಡನೇ ವಾರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅಣ್ಣನನ್ನು ದೂರದಿಂದ ನೋಡಿದೆ. ಮುಖ ಕಾಣಲಿಲ್ಲ.

ಹೊರಗೆ ಬಂದು ಮಗಳ ಹತ್ತಿರ ಕೂತೆ. ಮಾವನ ಹೆಸರು ಎತ್ತಲಿಲ್ಲ, ಅದು ಅವಳಿಗೂ ಗೊತ್ತಿದ್ದದ್ದೇ. ನಮ್ಮ ಡಾಕ್ಟರು ಹೇಳಿದ್ದನ್ನೇ ನನಗೆ ಬಂದ ಹಾಗೆ ಹೇಳಿದೆ. ತೋಳಿಗೆ ಚುಚ್ಚಿದ ಲಸಿಕೆ ಕಾವಲುಗಾರರನ್ನು ಹೆಚ್ಚಾಗಿ ರಕ್ತದಲ್ಲಿ ನಿಲ್ಲಿಸುತ್ತದೆ. ವೈರಸ್ ಬರುವುದು ಮೂಗು, ಗಂಟಲಿನ ಬಾಗಿಲಿನಿಂದ. ಆ ಗೇಟಿನಲ್ಲಿ ಕಾವಲು ತೆಳು, ತಿಂಗಳುಗಳು ಕಳೆದಂತೆ ಇನ್ನೂ ತೆಳು. ಮೇಲಾಗಿ ಓಮಿಕ್ರಾನ್ ತನ್ನ ಮುಳ್ಳಿನ ಪ್ರೋಟೀನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಡೆ ಬದಲಾಗಿ, ವೇಷ ಹಾಕಿಕೊಂಡು ಬಂದದ್ದು. ಗೇಟಿನವನು ಗುರುತು ಹಿಡಿಯುವಷ್ಟರಲ್ಲಿ ಒಳಗೆ ನುಗ್ಗಿರುತ್ತದೆ. ಆದರೆ ಒಳಗಿನವರಿಗೆ ಹಳೆಯ ನೆನಪಿದೆ. ಎರಡು ಮೂರು ದಿನದಲ್ಲಿ ಎಚ್ಚೆತ್ತು ಅಟ್ಟಿಸಿಕೊಂಡು ಹೋಗುತ್ತಾರೆ. ಶ್ವಾಸಕೋಶದವರೆಗೆ ಇಳಿಯಲು ಸಾಮಾನ್ಯವಾಗಿ ಬಿಡುವುದಿಲ್ಲ.

"ಮತ್ತೆ ಆಟಗಾರರಿಗೇ ಯಾಕೆ ಇಷ್ಟು?"

"ಅವರನ್ನು ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಗೊತ್ತಾಗುತ್ತದೆ. ನಮ್ಮ ಸೊಸೈಟಿಯಲ್ಲಿ ಈ ತಿಂಗಳು ಕೆಮ್ಮದ ಮನೆ ಯಾವುದಿದೆ? ಪರೀಕ್ಷೆ ಮಾಡಿಸಿದವರು ಎಷ್ಟು ಜನ?" ಎಂದೆ. ಒಂದೇ ಹೋಟೆಲು, ಒಂದೇ ಬಸ್ಸು, ಒಂದೇ ಊಟದ ಮೇಜು, ಏದುಸಿರು ಬಿಟ್ಟು ಅಭ್ಯಾಸ. ಒಬ್ಬರಿಗೆ ಬಂದರೆ ಹತ್ತು ಮಂದಿಗೆ ದಾಟಲು ಇನ್ನೇನು ಬೇಕು?

ಅವಳು ಒಪ್ಪಲಿಲ್ಲ. "ಆದರೂ ಅವರ ಮ್ಯಾಚ್ ಹೋಯಿತಲ್ಲ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಲಸಿಕೆ ಅವರ ಆಟವನ್ನು ಉಳಿಸಲಿಲ್ಲ. ವರ್ಷಗಟ್ಟಲೆ ಬೆವರು ಸುರಿಸಿದವರಿಗೆ "ಜೀವ ಉಳಿಯಿತಲ್ಲ, ಬಿಡಿ" ಎನ್ನಲು ನಮಗೆ ಯಾವ ಹಕ್ಕಿದೆ? ಆ ನಷ್ಟ ನಷ್ಟವೇ. ಆದರೆ ಮ್ಯಾಚ್ ಕಳೆದುಕೊಂಡವರು ಮತ್ತೆ ಮೈದಾನಕ್ಕೆ ಬರಬಹುದು ಎಂಬುದನ್ನು, ಬರಲಾಗದವನೊಬ್ಬನ ತಂಗಿಯಾಗಿ ನಾನು ಮರೆಯಲಾರೆ.

ಮರುದಿನ ನನಗೇ ಗಂಟಲು ಕೆರೆತ, ಸಂಜೆಗೆ ಜ್ವರ. ಎರಡು ಡೋಸ್ ಆಗಿದ್ದ ನಾನೂ ಪಾಸಿಟಿವ್. ಮಗಳು ಬಾಗಿಲಾಚೆ ಗಂಜಿ ಇಟ್ಟು, ರಾತ್ರಿ ಎರಡು ಸಲ ಎದ್ದು "ಅಮ್ಮಾ, ಉಸಿರು ಸರಿ ಇದೆಯಾ?" ಎಂದು ಕೇಳುತ್ತಿದ್ದಳು. ಅವಳ ದನಿಯಲ್ಲಿ ಮಾವನ ದಿನಗಳ ಹೆದರಿಕೆ ಇತ್ತು. ನಾಲ್ಕನೇ ದಿನ ಜ್ವರ ಬಿಟ್ಟಿತು. ಐದನೇ ದಿನ ಸಾರಿನ ಒಗ್ಗರಣೆಯ ಪರಿಮಳ ಬಂತು.

ಫೆಬ್ರುವರಿ 6ರಂದು ಅದೇ ನೆರೂಲಿನಲ್ಲಿ ಫೈನಲ್. ಎರಡು ಗೋಲು ಹಿಂದಿದ್ದ ಚೀನಾ, ದಕ್ಷಿಣ ಕೊರಿಯಾವನ್ನು 3–2ರಿಂದ ಸೋಲಿಸಿತು. ನಾವಿಬ್ಬರೂ ಸೋಫಾದ ತುದಿಯಲ್ಲಿ ಕೂತು ನೋಡಿದೆವು. ಅಷ್ಟು ಹೊತ್ತಿಗೆ ಮಗಳು, ನಾನು ಹೇಳದೆಯೇ, ಹೊಸದಾಗಿ ದಿನ ಗೊತ್ತುಮಾಡಿಕೊಂಡಿದ್ದಳು.

2025ರ ಜುಲೈ 5ರಂದು ನಮ್ಮ ಹುಡುಗಿಯರು ಥಾಯ್ಲೆಂಡಿನಲ್ಲಿ ಥಾಯ್ಲೆಂಡ್ ತಂಡವನ್ನೇ 2–1ರಿಂದ ಸೋಲಿಸಿ ಮತ್ತೆ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದರು. ಸುದ್ದಿ ಬಂದಾಗ ನಾನು ಕಾಪೂರ್‌ಬಾವಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ. ಮಗಳ ಮೆಸೇಜು ಬಂತು: "ಅಮ್ಮ, ಹದಿಮೂರು ಮಂದಿ ಸಿಕ್ಕಿದರು."