ಪೆಪಿನ್ ಸರೋವರದಲ್ಲಿ ಒಂದು ಹಗ್ಗದ ಪ್ರಸಂಗ

ಹೋದ ವರ್ಷ ಜುಲೈ ತಿಂಗಳಲ್ಲಿ ನಾನು ಅಮೆರಿಕದ ಮಿನ್ನೆಸೋಟಾದಲ್ಲಿರುವ ಮಗನ ಮನೆಯಲ್ಲಿದ್ದೆ. ನಮ್ಮ ಹೊನ್ನಾವರದ ಕಡೆ ಮಳೆ ಧೋ ಎಂದು ಸುರಿದು, ಅಂಗಳದಲ್ಲಿ ಕಾಲಿಟ್ಟರೆ ಜಾರುವ ಕಾಲ ಅದು. ಅಲ್ಲಿ ನೋಡಿದರೆ ಬೇಸಿಗೆ ರಜೆ! ರಾತ್ರಿ ಒಂಬತ್ತಾದರೂ ಬೆಳಕು ಆರುವುದಿಲ್ಲ. ಮೊಮ್ಮಕ್ಕಳಿಬ್ಬರು, 11 ವರ್ಷದ ಪುಟ್ಟಿ ಮತ್ತು 8 ವರ್ಷದ ಪುಟ್ಟ, ದಿನಾ ಬೆಳಿಗ್ಗೆ ಎದ್ದು ಅಪ್ಪನಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಟ್ಯೂಬಿಂಗ್‌ಗೆ ಯಾವಾಗ?"

ಟ್ಯೂಬಿಂಗ್ ಎಂದರೆ ಏನೆಂದು ನನಗೂ ಗೊತ್ತಿರಲಿಲ್ಲ. ಗಾಳಿ ತುಂಬಿದ ದೊಡ್ಡ ತೇಲುಗಾದಿಯ ಮೇಲೆ ಮಕ್ಕಳು ಬೋರಲು ಮಲಗಿ ಹಿಡಿಕೆ ಹಿಡಿದುಕೊಳ್ಳುತ್ತಾರೆ. ಮುಂದೆ ಮೋಟಾರು ದೋಣಿ, ನಡುವೆ ಉದ್ದದ ಹಗ್ಗ. ದೋಣಿ ಓಡಿದಂತೆ ಗಾದಿಯೂ ಅಲೆಯ ಮೇಲೆ ಕುಣಿಯುತ್ತಾ ಓಡುತ್ತದೆ. ನಮ್ಮ ಮಲ್ಪೆ ಕಡಲತೀರದಲ್ಲಿ ಬಾಳೆಹಣ್ಣಿನ ಆಕಾರದ ಗಾದಿಯಲ್ಲಿ ಜನರನ್ನು ಕೂರಿಸಿ ಎಳೆಯುತ್ತಾರಲ್ಲ, ಅದರ ತಮ್ಮ ಎನ್ನಿ.

ಕಡೆಗೊಂದು ಶನಿವಾರ ಪುಳಿಯೋಗರೆ ಕಟ್ಟಿಕೊಂಡು ಹೊರಟೆವು. ಮಿನಿಯಾಪೊಲಿಸ್‌ನಿಂದ ಆಗ್ನೇಯಕ್ಕೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ಹೋದರೆ ಲೇಕ್ ಸಿಟಿ ಎಂಬ ಪುಟ್ಟ ಊರು. ಅದರ ಮಗ್ಗುಲಲ್ಲೇ ಪೆಪಿನ್ ಸರೋವರ. ಸರೋವರ ಅನ್ನುವುದು ಹೆಸರಿಗೆ, ನಿಜಕ್ಕೂ ಅದು ಮಿಸಿಸಿಪ್ಪಿ ನದಿಯೇ! ಆಚೆ ದಡದ ವಿಸ್ಕಾನ್ಸಿನ್ ರಾಜ್ಯದಿಂದ ಚಿಪ್ಪೆವಾ ಎಂಬ ಉಪನದಿ ಬಂದು ಸೇರುತ್ತದೆ. ಅದು ತಂದು ಸುರಿದ ಮರಳು ಮಿಸಿಸಿಪ್ಪಿಗೆ ಅಡ್ಡಕಟ್ಟೆಯಂತಾಗಿ, ಹಿಂದೆ ನೀರು ಹಿಗ್ಗಿ ನಿಂತಿದೆ. ಸುಮಾರು 35 ಕಿಲೋಮೀಟರ್ ಉದ್ದ, ಅಗಲವಿರುವಲ್ಲಿ 3 ಕಿಲೋಮೀಟರ್. ಎರಡೂ ಕಡೆ ಎತ್ತರದ ಹಸಿರು ದಿಬ್ಬಗಳು. ಶರಾವತಿ ಹೊನ್ನಾವರದಲ್ಲಿ ಕಡಲು ಸೇರುವ ಮೊದಲು ಹರಡಿಕೊಳ್ಳುತ್ತಾಳಲ್ಲ, ಅದನ್ನು ಕಂಡ ಕಣ್ಣಿಗೆ ಈ ನೀರು ಹೊಸದೆನಿಸಲಿಲ್ಲ. ಉಪ್ಪಿನ ವಾಸನೆಯೊಂದಿಲ್ಲ ಅಷ್ಟೆ.

ಲೇಕ್ ಸಿಟಿಯವರು ತಮ್ಮ ಊರನ್ನು ವಾಟರ್ ಸ್ಕೀಯಿಂಗ್‌ನ ತವರೂರು ಎಂದು ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ. ಇಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹುಡುಗನಿದ್ದ. ಹಿಮದ ಮೇಲೆ ಹಲಗೆ ಕಟ್ಟಿಕೊಂಡು ಜಾರಬಹುದಾದರೆ ನೀರಿನ ಮೇಲೆ ಯಾಕಾಗಬಾರದು ಎಂಬ ಯೋಚನೆ ಅವನಿಗೆ ಹತ್ತಿತು. ಮೊದಲು ಪೀಪಾಯಿಯ ಹಲಗೆ ಕಟ್ಟಿಕೊಂಡ, ಮುಳುಗಿದ. ಹಿಮದ ಸ್ಕೀ ಕಟ್ಟಿಕೊಂಡ, ಆಗಲೂ ಮುಳುಗಿದ. ಕೊನೆಗೆ 8 ಅಡಿ ಉದ್ದದ ಎರಡು ಪೈನ್ ಹಲಗೆ ತಂದು, ಅವುಗಳ ತುದಿಯನ್ನು ಅಮ್ಮನ ತಾಮ್ರದ ಹಂಡೆಯಲ್ಲಿ ಕುದಿಸಿ ಮೇಲಕ್ಕೆ ಬಾಗಿಸಿದ. (ಅಮ್ಮ ಬೈದಳೋ ಇಲ್ಲವೋ! ನಾನಾಗಿದ್ದರೆ ಬೈಯುತ್ತಿದ್ದೆ.) ಅಣ್ಣ ಬೆನ್ ದೋಣಿ ಓಡಿಸಿದ. ದಿನಗಟ್ಟಲೆ ಬಿದ್ದೂ ಬಿದ್ದೂ, ಹಲಗೆಯ ತುದಿ ಮೇಲೆ ಮಾಡಿ ಹಿಂದಕ್ಕೆ ವಾಲಿದಾಗ 1922ರ ಜುಲೈ 2ರಂದು ಎದ್ದು ನಿಂತ. ಮರುದಿನ ಅವನಿಗೆ 19 ತುಂಬುವುದಿತ್ತು. ಅವನು ಹಿಡಿದದ್ದು ಕಿಟಕಿಗೆ ಬಳಸುವ ಹಗ್ಗ, ಅದರ ತುದಿಗೆ ಒಂದು ಕಬ್ಬಿಣದ ಬಳೆ.

ಇದೇ ನೀರಿಗೆ ಇನ್ನೊಂದು ನೆನಪೂ ಇದೆ. 1890ರ ಜುಲೈ 13ರಂದು ಸೀ ವಿಂಗ್ ಎಂಬ ಹಬೆದೋಣಿ, ಪಕ್ಕಕ್ಕೊಂದು ತೆಪ್ಪದೋಣಿಯನ್ನು ಬಿಗಿದುಕೊಂಡು, ಲೇಕ್ ಸಿಟಿಯಿಂದ ಜನರನ್ನು ಹೊತ್ತು ಮರಳುತ್ತಿದ್ದಾಗ ಬಿರುಗಾಳಿಗೆ ಮಗುಚಿ 98 ಜನ ತೀರಿಕೊಂಡರು. ಕಟ್ಟು ಕಳಚಿಕೊಂಡ ತೆಪ್ಪದೋಣಿಯಲ್ಲಿದ್ದವರು ತೇಲಿ ಉಳಿದರು. ಸೊಸೆ ಕಾರಿನಲ್ಲಿ ಇದನ್ನು ಹೇಳಿದ ಮೇಲೆ ನನಗೆ ಆ ಚೆಂದದ ನೀರಿನ ಮೇಲೆ ಸ್ವಲ್ಪ ಭಯವೂ ಹುಟ್ಟಿತು.

ದೋಣಿ ಬಾಡಿಗೆಯದು. ಹಿಂಬದಿಯ ನಟ್ಟನಡುವೆ ದೊಡ್ಡ ಮೋಟಾರು. ಕೊಟ್ಟವರು ಟ್ಯೂಬು ಕೊಟ್ಟರು, ಹಗ್ಗ ಕೊಟ್ಟರು, ಸಹಿ ಹಾಕಿಸಿಕೊಂಡರು. ಹಗ್ಗವನ್ನು ಎಲ್ಲಿ ಕಟ್ಟಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಎಲ್ಲರೂ ಜೀವರಕ್ಷಕ ಜಾಕೆಟ್ ತೊಟ್ಟೆವು. 10 ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಕಾನೂನೇ ಹಾಗಿದೆ, ಮಿಕ್ಕವರಿಗೆ ಸೊಸೆಯ ಕಾನೂನು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ನನ್ನನ್ನು ನೋಡಿ ಪುಟ್ಟ ನಕ್ಕಿದ್ದೇ ನಕ್ಕಿದ್ದು.

ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಮಗ ಹಗ್ಗದ ಕುಣಿಕೆಯನ್ನು ಹಿಂಬದಿಯ ಬಲಮೂಲೆಯಲ್ಲಿದ್ದ ಎರಡು ಕೊಂಬಿನ ಲೋಹದ ಗೂಟಕ್ಕೆ ಸಿಕ್ಕಿಸಿದ. ಅದಕ್ಕೆ ಕ್ಲೀಟ್ ಎನ್ನುತ್ತಾರೆ. ಕೈಗೆ ಸಿಗುವಂತಿತ್ತು, ನೋಡಲು ಗಟ್ಟಿಯೂ ಇತ್ತು. ಮಕ್ಕಳು ಟ್ಯೂಬಿನ ಮೇಲೆ ಮಲಗಿದರು, ದೋಣಿ ಹೊರಟಿತು. ಹಿಂದೆ ನೋಡುತ್ತಾ ಕೂರುವ ಕೆಲಸ ನನ್ನದು. ಓಡಿಸುವವನು ಮುಂದೆ ನೋಡಬೇಕಲ್ಲ, ಹಾಗಾಗಿ ಎಳೆಯುವ ದೋಣಿಯಲ್ಲಿ ಹಿಂದೆ ನೋಡಲು ಇನ್ನೊಬ್ಬರಿರಬೇಕು ಅಥವಾ ಅಗಲದ ಕನ್ನಡಿ ಇರಬೇಕು ಎಂಬ ನಿಯಮ ಅಲ್ಲಿದೆ.

ನೋಡುತ್ತಾ ನೋಡುತ್ತಾ ನನಗೆ ಸಮಾಧಾನವಾಗಲಿಲ್ಲ. ದೋಣಿಯ ಮೂತಿ ಮತ್ತೆ ಮತ್ತೆ ಬಲಕ್ಕೆ ಹೊರಳುತ್ತಿತ್ತು. ಮಗ ಎಡಕ್ಕೆ ತಿರುಗಿಸಿ ತಿರುಗಿಸಿ ಸರಿಮಾಡುತ್ತಿದ್ದ. ಟ್ಯೂಬು ಎಡಗಡೆಗೆ ಸರಿದಾಗಲೆಲ್ಲ ಹಗ್ಗ ಮೋಟಾರಿನ ಬೆನ್ನಿಗೆ ಉಜ್ಜುತ್ತಿತ್ತು. ಒಂದು ಅಲೆಗೆ ಟ್ಯೂಬಿನ ಮೂತಿ ನೀರಿಗೆ ಹೊಕ್ಕು ಹಗ್ಗ ಜಗ್ಗಿದಾಗ ಆ ಗೂಟದ ಬುಡ ಎಳ್ಳಿನಷ್ಟು ಮೇಲೆದ್ದು ಮತ್ತೆ ಕೂತಿತು.

"ನಿಲ್ಲಿಸೋ!" ಎಂದು ಕೂಗಿದೆ.

"ಆಯಿ, ಸುಮ್ನೆ ಹೆದರಬೇಡ. ಮಕ್ಕಳಿಬ್ಬರದೂ ಸೇರಿ 60 ಕಿಲೋ ಇಲ್ಲ" ಎಂದ.

"60 ಕಿಲೋನೋ 6 ಕಿಲೋನೋ, ಮೊದಲು ನಿಲ್ಲಿಸು."

ನನಗೆ ನೆನಪಾದದ್ದು ತವರುಮನೆಯ ಬಾವಿ. ಎರಡು ಕಂಬ, ಮೇಲೊಂದು ಅಡ್ಡಮರ, ಅದಕ್ಕೆ ನೇತುಹಾಕಿದ ರಾಟೆ. ನಾನು ಐದನೇ ಇಯತ್ತೆಯಲ್ಲಿದ್ದಾಗ ಒಂದು ಬೆಳಿಗ್ಗೆ ನನ್ನ ಆಯಿ ನೀರು ಸೇದುತ್ತಿದ್ದಳು. ತುಂಬಿದ ಕೊಡಪಾನ ನೀರು ಬಿಟ್ಟು ಮೇಲೇಳುವ ಆ ಒಂದು ಜಗ್ಗಿಗೆ ಅಡ್ಡಮರವೇ ಮುರಿದು, ರಾಟೆ ಸಮೇತ ಬಾವಿಗೆ ಬಿತ್ತು. ಹಗ್ಗ ಕೈಬಿಟ್ಟಿದ್ದಕ್ಕೆ ಆಯಿ ಉಳಿದಳು, ಅಂಗೈ ಮಾತ್ರ ಸುಲಿದುಹೋಗಿತ್ತು. ಹೊರಗೆ ನುಣುಪಾಗಿ ಮಿರುಗುತ್ತಿದ್ದ ಮರದ ಒಳಗೆಲ್ಲ ಗೆದ್ದಲು ತಿಂದ ಹುಡಿ. ಆಮೇಲೆ ಅಪ್ಪ ಹೊಸ ಮರ ಹಾಕಿಸಿದಾಗ ಕೊಡಪಾನ ಎಷ್ಟು ಭಾರ ಎಂದು ಲೆಕ್ಕ ಹಾಕಲಿಲ್ಲ. ತಾನೇ ಅದಕ್ಕೆ ಜೋತುಬಿದ್ದು, ಎರಡು ಸಲ ಜಗ್ಗಿ ನೋಡಿದ.

ಮಗ ಎಂಜಿನ್ ಪೂರ್ತಿ ನಿಲ್ಲಿಸಿ, ಹಗ್ಗ ಹಿಡಿದು ಟ್ಯೂಬನ್ನು ಹತ್ತಿರ ಎಳೆದು, ಮಕ್ಕಳನ್ನು ಮೇಲೆ ಹತ್ತಿಸಿದ. ಗೂಟವನ್ನು ಅಲ್ಲಾಡಿಸಿದರೆ ಪುಟ್ಟನ ಹಾಲುಹಲ್ಲಿನಂತೆ ಅಲುಗಾಡಿತು! ಹಿಂಬದಿಯ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದೆವು. ಗೂಟವನ್ನು ನಾಲ್ಕು ಸ್ಕ್ರೂ ಹಾಕಿ ಕೂರಿಸಿದ್ದರು, ಅಷ್ಟೇ. ಕೆಳಗೆ ಆನಿಕೆಯೇ ಇಲ್ಲ. ಅದು ಕಿತ್ತುಬಂದಿದ್ದರೆ, ಬಿಗಿದ ಹಗ್ಗ ಆ ಲೋಹದ ತುಂಡನ್ನು ಕವಣೆ ಕಲ್ಲಿನಂತೆ ಎಸೆಯುತ್ತಿದ್ದದ್ದು ಹಿಂದಕ್ಕೆ, ಮಕ್ಕಳು ಮಲಗಿದ್ದ ಕಡೆಗೇ. ಮಗನ ಮುಖ ಬಿಳಿಚಿಕೊಂಡಿತು. ಯಾರೂ ಮಾತಾಡಲಿಲ್ಲ.

ಸೀಟಿನ ಕೆಳಗೆ ದೋಣಿಯ ಕೈಪಿಡಿ ಸಿಕ್ಕಿತು. ಈ ಗೂಟಗಳು ದೋಣಿಯನ್ನು ದಡಕ್ಕೆ ಕಟ್ಟಲು ಮಾತ್ರ, ಜನರನ್ನು ಎಳೆಯಲು ಅಲ್ಲ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ನಾನು ಅಷ್ಟು ಹೊತ್ತು ಹೇಳಿದ್ದನ್ನು ಪುಸ್ತಕ ಹೇಳಿದ ಕೂಡಲೇ ಮಗ ಒಪ್ಪಿಕೊಂಡ. ಇರಲಿ.

ಹಾಗಾದರೆ ಎಲ್ಲಿ ಕಟ್ಟಬೇಕು? ದೋಣಿಯ ಹಿಂಬದಿಯ ಗೋಡೆಯಲ್ಲಿ, ನೀರಿಗೆ ಹತ್ತಿರವಾಗಿ, ಎಡಕ್ಕೊಂದು ಬಲಕ್ಕೊಂದು ದಪ್ಪ ಉಕ್ಕಿನ ಕೊಂಡಿಗಳಿದ್ದವು. ಒಳಗಿನಿಂದ ನೋಡಿದರೆ ಅವುಗಳ ಹಿಂದೆ ಅಂಗೈಯಗಲದ ಲೋಹದ ತಗಡು, ಬಿಗಿದ ನಟ್ಟು. ಎಳೆತ ಬಂದರೆ ಒಂದು ಸ್ಕ್ರೂವಿನ ಮೇಲೆ ಬೀಳದೆ ಇಡೀ ಗೋಡೆಗೆ ಹಂಚಿಹೋಗುತ್ತದೆ. ಟ್ಯೂಬು ಎಳೆಯಲು ಇವನ್ನೇ ಬಳಸಬೇಕೆಂದು ಕೈಪಿಡಿಯ ಚಿತ್ರದಲ್ಲೂ ತೋರಿಸಿತ್ತು. ಕೆಲವು ದೋಣಿಗಳಲ್ಲಿ ನಟ್ಟನಡುವೆಯೇ ಇಂಥದೊಂದು ಕೊಂಡಿ ಇರುತ್ತದಂತೆ, ಆಗ ಕೆಲಸ ಸುಲಭ. ನಮ್ಮದರಲ್ಲಿ ನಡುವೆ ಮೋಟಾರು ಕೂತಿತ್ತು. ಅದಕ್ಕೆ ಬೇಕಾದದ್ದು ಬ್ರೈಡಲ್ ಎಂಬ ಗಿಡ್ಡ ಹಗ್ಗ. ಅದರ ಎರಡು ತುದಿ ಎರಡು ಕೊಂಡಿಗೆ, ನಡುವೆ ಒಂದು ತೇಲುಬುರುಡೆ, ಒಂದು ಪುಟ್ಟ ರಾಟೆ. ಟ್ಯೂಬಿನ ಹಗ್ಗ ಆ ರಾಟೆಗೆ. ಟ್ಯೂಬು ಎಡಕ್ಕೆ ಹೋದರೆ ರಾಟೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಎಳೆತ ಎರಡೂ ಕೊಂಡಿಗೆ ಹಂಚಿಕೆಯಾಗುತ್ತದೆ, ತೇಲುಬುರುಡೆ ಇರುವುದರಿಂದ ಹಗ್ಗ ಕೆಳಗಿಳಿದು ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವುದಿಲ್ಲ. ಬಾವಿಯ ರಾಟೆಯನ್ನು ಅಷ್ಟು ದೂರದ ನೀರಿನಲ್ಲಿ ಕಾಣುತ್ತೇನೆಂದು ನಾನು ಎಣಿಸಿರಲಿಲ್ಲ!

ಮಗ ಅದನ್ನು ಹಿಂದಿನ ವಾರವೇ ಕೊಂಡಿದ್ದ. ಆದರೆ ಅದು ಕಾರಿನಲ್ಲಿತ್ತು, ಕಾರು ದಡದಲ್ಲಿತ್ತು. "ಹೋಗಿ ಬರೋಕೆ ಅರ್ಧ ಗಂಟೆ!" ಎಂದು ಪುಟ್ಟ ಅಳುಮೋರೆ ಮಾಡಿದ. ಪಕ್ಕದಲ್ಲೊಂದು ದೋಣಿ ಹೋಯಿತು, ಅದರ ಮೇಲೆ ಎತ್ತರದ ಕಮಾನಿನಂಥ ಚೌಕಟ್ಟು, ಅದರ ತುದಿಯಿಂದ ಹಗ್ಗ. "ನಾವೂ ಹಾಗೆ ಮೇಲೆ ಎಲ್ಲಾದರೂ ಕಟ್ಟೋಣ" ಎಂದಳು ಪುಟ್ಟಿ. ಆ ಚೌಕಟ್ಟಿರುವುದು ಹಲಗೆಯ ಮೇಲೆ ನಿಂತು ಹಾರುವವರಿಗೆ ಎಂದು ಮಗ ಹೇಳಿದ. ಟ್ಯೂಬು ನೀರಿಗಂಟಿ ಓಡುವಂಥದ್ದು, ಅದು ತಟ್ಟನೆ ನೀರಿಗೆ ಕಚ್ಚಿಕೊಂಡರೆ ಎತ್ತರದಲ್ಲಿ ಕಟ್ಟಿದ ಹಗ್ಗ ಚೌಕಟ್ಟನ್ನೇ ಬಗ್ಗಿಸೀತು, ದೋಣಿಯನ್ನೂ ವಾಲಿಸೀತು. ನಾನು ಪುಟ್ಟಿಯನ್ನು ಕೇಳಿದೆ: "ಗೋಕರ್ಣದ ತೇರು ನೋಡಿದ್ದೀಯಲ್ಲ, ಹಗ್ಗ ಎಲ್ಲಿ ಕಟ್ಟಿರ್ತಾರೆ?" ಸ್ವಲ್ಪ ಯೋಚಿಸಿ, "ಕೆಳಗೆ, ಚಕ್ರದ ಹತ್ರ" ಎಂದಳು. ಮತ್ತೆ ವಾದ ಮಾಡಲಿಲ್ಲ.

ದಡಕ್ಕೆ ಹೋಗಿ ಬಂದೆವು. ಈ ಸಲ ಮಗ ಒಂದೊಂದನ್ನೂ ಮುಟ್ಟಿ ನೋಡಿದ. ಹಗ್ಗದ ಚೀಟಿಯನ್ನೂ ಓದಿದ. ಇಬ್ಬರು ಕೂರುವ ಟ್ಯೂಬಿನ ಹಗ್ಗ ಕನಿಷ್ಠ 2,375 ಪೌಂಡ್, ಅಂದರೆ ಹತ್ತಿರ ಹತ್ತಿರ 1,077 ಕಿಲೋ ಎಳೆತ ತಾಳುವಂತಿರಬೇಕು. 60 ಕಿಲೋ ಮಕ್ಕಳಿಗೆ ಸಾವಿರ ಕಿಲೋ ಹಗ್ಗ! ಎಲ್ಲ ಆ ಜಗ್ಗಿನ ಮಹಿಮೆ. ಉದ್ದ 50 ಅಡಿಗಿಂತ ಕಡಿಮೆ ಇರಬಾರದು, 65 ಅಡಿಗಿಂತ ಹೆಚ್ಚೂ ಇರಬಾರದು. ಟ್ಯೂಬಿನ ಮೇಲೆ ಇನ್ನೊಂದು ಸೂಚನೆ ಇತ್ತು: ಮಕ್ಕಳಿದ್ದರೆ ಗಂಟೆಗೆ 15 ಮೈಲಿ ಮೀರಬಾರದು, ಅಂದರೆ 24 ಕಿಲೋಮೀಟರ್. ತಿರುವಿನಲ್ಲಿ ಟ್ಯೂಬು ಚಾಟಿಯ ತುದಿಯಂತೆ ಬೀಸಿ ದೋಣಿಗಿಂತ ಜೋರಾಗಿ ಹೋಗುವುದರಿಂದ ಮಗ ಅದಕ್ಕಿಂತ ಎಷ್ಟೋ ನಿಧಾನವಾಗಿ ಓಡಿಸಿದ.

ಈಗ ದೋಣಿ ನೆಟ್ಟಗೆ ಹೋಯಿತು. ತೇಲುಬುರುಡೆ ಮೋಟಾರಿನ ಹಿಂದೆ ಬಾತುಕೋಳಿಯಂತೆ ಅತ್ತಿತ್ತ ಓಡಾಡುತ್ತಿತ್ತು. ಮಕ್ಕಳ ಕೇಕೆ ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿಸಿತು. ಒಂದು ಎಡವಟ್ಟು ಮಾತ್ರ ಆಯಿತು. ಹೆಬ್ಬೆರಳು ಮೇಲೆ ಮಾಡಿದರೆ "ಇನ್ನೂ ಜೋರು", ಕೆಳಗೆ ಮಾಡಿದರೆ "ನಿಧಾನ", ತಲೆ ತಟ್ಟಿಕೊಂಡರೆ "ದಡಕ್ಕೆ ಹೋಗೋಣ" ಎಂದು ಮೊದಲೇ ಮಾತಾಗಿತ್ತು. ಪುಟ್ಟ ಅದನ್ನು ಮರೆತು, ಬಹಳ ಚೆನ್ನಾಗಿದೆ ಎಂದು ನನಗೆ ಹೇಳಲು ಹೆಬ್ಬೆರಳು ಎತ್ತಿದ. ನಾನು ನಂಬಿಗಸ್ತಳಂತೆ "ಜೋರಂತೆ" ಎಂದು ವರದಿ ಮಾಡಿದೆ. ಮಗ ತುಸು ಜೋರು ಮಾಡಿದ. ಪುಟ್ಟ ಇನ್ನೂ ಖುಷಿಯಾಗಿ ಮತ್ತೆ ಹೆಬ್ಬೆರಳು ಎತ್ತಿದ. ಮೂರನೇ ಸಲಕ್ಕೆ ಅಕ್ಕ ತಮ್ಮ ಇಬ್ಬರೂ ನೀರಿಗೆ ಬಿದ್ದರು! ಜಾಕೆಟ್ ಅವರನ್ನು ಬುರುಡೆಯಂತೆ ಮೇಲೆ ತಂದಿತು. ಇಬ್ಬರೂ ಕೈ ಬೀಸಿ ನಕ್ಕರು. ದೋಣಿ ಸುತ್ತಿ ಬಂದು, ಅವರ ಹತ್ತಿರ ಸೇರುವ ಮೊದಲೇ ಎಂಜಿನ್ ನಿಂತಿತು. ಪ್ರೊಪೆಲ್ಲರ್ ತಿರುಗುತ್ತಿರುವಾಗ ಮಕ್ಕಳನ್ನು ಹತ್ತಿರ ಬಿಡಬಾರದು ಎಂಬುದನ್ನು ಅವತ್ತು ನಮಗೆ ಯಾರೂ ನೆನಪಿಸಬೇಕಿರಲಿಲ್ಲ.

ಪುಳಿಯೋಗರೆ ತಿಂದೆವು. ಸಂಜೆ ದೋಣಿ ಒಪ್ಪಿಸುವಾಗ ಮಗ ಅಲ್ಲಿದ್ದ ಹುಡುಗನನ್ನು ಕರೆದು ಆ ಗೂಟವನ್ನು ಅಲ್ಲಾಡಿಸಿ ತೋರಿಸಿದ. ಮೊದಲು ತಾನು ಅಲ್ಲೇ ಹಗ್ಗ ಕಟ್ಟಿದ್ದೆ ಎಂಬುದನ್ನೂ ಮುಚ್ಚಿಡದೆ ಹೇಳಿದ. ಹುಡುಗ ಪುಸ್ತಕದಲ್ಲಿ ಬರೆದುಕೊಂಡು, ಕೆಂಪು ಪಟ್ಟಿಯೊಂದನ್ನು ತಂದು ಗೂಟಕ್ಕೆ ಕಟ್ಟಿದ. ಕಾರು ಮುಟ್ಟುವಷ್ಟರಲ್ಲಿ ಪುಟ್ಟ ಎರಡು ಸಲ ತಿರುಗಿ ನೋಡಿದ. ಪಟ್ಟಿ ಇನ್ನೂ ಅಲ್ಲೇ ಇತ್ತು.