ಕತ್ತಲಲ್ಲಿ ಬೆರಳಿಗೆ ಗೊತ್ತಾಗಬೇಕು

ನಮ್ಮದು ಮಧುಗಿರಿ ತಾಲ್ಲೂಕು. ನೀರು ಅಂದರೆ ನಮಗೆ ಬೋರ್‌ವೆಲ್. ಮೀನು ಅಂದರೆ ಕೆರೆ ತುಂಬಿದ ವರ್ಷ ಶಿರಾ ಕಡೆಯಿಂದ ಬರುವ ಕೆರೆ ಮೀನು. ಅಂಥ ಊರಿನ ನಾನು ಗಂಗೊಳ್ಳಿಗೆ ಹೋಗಿ ಮೀನು ಹಿಡಿಯೋ ದೋಣಿಗೆ ವೈರಿಂಗ್ ಮಾಡಿ ಬಂದೆ ಅಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ‘ನೀರಿನ ಮೇಲೆ ಕಂಬ ಎಲ್ಲಿ ಐತೋ? ಕರೆಂಟ್ ಎಲ್ಲಿಂದ ಬತ್ತದೆ?’ ಅಂತ ಅಜ್ಜಿ ಕೇಳಿದ್ದಳು.

ಇದಕ್ಕೆಲ್ಲ ಕಾರಣ ಪಾವಗಡ. ತಿರುಮಣಿಯ ಸೋಲಾರ್ ಪಾರ್ಕ್ ಗೊತ್ತಲ್ಲ, 13,000 ಎಕರೆ, 2,050 ಮೆಗಾವ್ಯಾಟ್. ಡಿಪ್ಲೊಮಾ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಅಲ್ಲಿ. ರೂಮಿನಲ್ಲಿ ಜೊತೆಗಿದ್ದವನು ಗಂಗೊಳ್ಳಿಯ ಹುಡುಗ. ಬಿಸಿಲು, ಕಲ್ಲು, ಪ್ಯಾನೆಲ್ಲು ಬಿಟ್ಟರೆ ಬೇರೇನೂ ಕಾಣದ ಆ ಬಯಲಿನಲ್ಲಿ ಅವನು ಎರಡು ವರ್ಷ ಒಣಮೀನಿನ ಚಟ್ನಿ ತಿಂದುಕೊಂಡು ದಿನ ದೂಡಿದ. ಆಮೇಲೆ ಊರಿಗೆ ವಾಪಸ್ ಹೋದ.

ಅವನ ಫೋನ್ ಬಂದಿದ್ದು ಒಂದು ಜುಲೈನಲ್ಲಿ. ಹಿಂದಿನ ಬೇಸಿಗೆಯಲ್ಲಿ ಅವನ ತಂದೆ, ಅಂದರೆ ಅಪ್ಪಯ್ಯ, ರಾತ್ರಿ ಬಲೆ ಬಿಟ್ಟು ಕಾಯ್ತಾ ಇದ್ದರಂತೆ. ಇದ್ದಕ್ಕಿದ್ದ ಹಾಗೆ ದೋಣಿಯ ಎಲ್ಲ ಲೈಟೂ ಆರಿಹೋಯಿತು. ಅದೇ ಹೊತ್ತಿಗೆ ದೂರದಿಂದ ದೊಡ್ಡ ಬೋಟ್ ಒಂದು ನೇರ ಇವರ ಕಡೆಗೇ ಬರುತ್ತಿತ್ತು. ‘ಅವ್ರ್ ದೀಪ ನಮ್ಗ್ ಕಾಂತಿತ್ತ್. ನಾವ್ ಅವ್ರಿಗ್ ಕಾಂತಿಲ್ಲ’ ಅಂತ ಅಪ್ಪಯ್ಯ ಆಮೇಲೆ ನನಗೆ ಹೇಳಿದರು. ಕೈಯಲ್ಲಿದ್ದ ಮೊಬೈಲಿನ ಟಾರ್ಚ್ ಬೀಸಿ, ಕೂಗಿ, ಕೊನೆ ಗಳಿಗೆಯಲ್ಲಿ ಆ ಬೋಟ್ ಪಕ್ಕಕ್ಕೆ ತಿರುಗಿತಂತೆ. ಆವತ್ತಿನಿಂದ ಮನೆಯಲ್ಲಿ ಅಮ್ಮ ರಾತ್ರಿ ದೋಣಿಗೆ ಕಳಿಸುವುದಕ್ಕೇ ಒಪ್ಪುತ್ತಿಲ್ಲ. ‘ನೀನೊಂದ್ ಸಲ ಬಂದು ನೋಡ್ ಮಾರಾಯಾ’ ಅಂದ ಗೆಳೆಯ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ಸಣ್ಣ ನಾಡದೋಣಿಗಳಿಗೆ ವಿನಾಯಿತಿ ಉಂಟು. ಆದರೆ ಆ ಅಬ್ಬರಕ್ಕೆ ಹೆದರಿ ಅಪ್ಪಯ್ಯ ತಮ್ಮ 28 ಅಡಿಯ ಫೈಬರ್ ದೋಣಿಯನ್ನು ದಡಕ್ಕೆ ಎಳೆದು, ಮೇಲೆ ಟಾರ್ಪಾಲ್ ಕಟ್ಟಿದ್ದರು. ಅದರಡಿ ನಾವು ಮೂರು ಜನ. ಹೊರಗೆ ಮಳೆ. ನಮ್ಮ ಪಾವಗಡದಲ್ಲಿ ಇಡೀ ವರ್ಷ ಬೀಳುವುದಕ್ಕಿಂತ ಹೆಚ್ಚು ಮಳೆ ಅಲ್ಲಿ ಜುಲೈ ಒಂದರಲ್ಲೇ ಬೀಳುತ್ತದೆ.

ದೋಣಿಯ ಒಳಗೆ ನೋಡಿದ ತಕ್ಷಣ ನನಗೆ ನೆನಪಾಗಿದ್ದು ನಮ್ಮ ತೋಟದ ಪಂಪ್ ಮನೆ. ಅದೇ ಜಡೆಗಟ್ಟಿದ ವೈರುಗಳು. ಕೆಂಪು ವೈರಿಗೆ ಹಳದಿ ಸೇರಿಸಿ, ಅದಕ್ಕೆ ಮನೆ ವೈರಿಂಗಿನ ತುಂಡು ಸೇರಿಸಿ, ತಿರುಚಿ, ಮೇಲೆ ಟೇಪ್ ಸುತ್ತಿದ್ದು. ‘ಬಲ್ಬ್ ಹೊಸತೇ ಮಾರಾಯಾ’ ಅಂದ ಗೆಳೆಯ. ಬಲ್ಬಿನ ತಪ್ಪೇನೂ ಇರಲಿಲ್ಲ. ಟೇಪ್ ಬಿಚ್ಚಿದರೆ ಒಳಗೆ ತಾಮ್ರವೇ ಇಲ್ಲ, ಹಸಿರು ಕಿಲುಬು ಪುಡಿ ಪುಡಿಯಾಗಿ ಉದುರಿತು. ಟೇಪ್ ಸುತ್ತಿದರೆ ನೀರು ಒಳಗೆ ಹೋಗುವುದಿಲ್ಲ ಅಂದುಕೊಳ್ಳುತ್ತೇವೆ. ಒಳಗೆ ಹೋದ ಉಪ್ಪುನೀರನ್ನು ಹೊರಗೆ ಬಿಡದೆ ಹಿಡಿದಿಡುವುದೂ ಅದೇ ಟೇಪು.

ಉಪ್ಪಿನ ವಿಷಯದಲ್ಲಿ ನಾನು ಕಲಿತಿದ್ದೆಲ್ಲ ಅಲ್ಲಿ ತಿರುಗಾಮುರುಗಾ ಆಯಿತು. ನಮ್ಮ ಕಡೆ ನೆಲ ಒಣಗಿರುತ್ತದೆ. ಅರ್ಥಿಂಗ್ ಸರಿಯಾಗಿ ಸಿಗಲಿ ಅಂತ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ಬೇಸಿಗೆಯಲ್ಲಿ ಬಿಂದಿಗೆ ನೀರು ಹುಯ್ಯುತ್ತೇವೆ. ನಮಗೆ ಕರೆಂಟ್ ಸಲೀಸಾಗಿ ಹರಿಯಲು ಬೇಕಾದ ಆ ಉಪ್ಪೇ ಕಡಲಿನಲ್ಲಿ ಹರಿಯಬಾರದ ಜಾಗದಲ್ಲಿ ಕರೆಂಟ್ ಹರಿಸಿ, ತಾಮ್ರ ತಿಂದುಹಾಕುತ್ತದೆ. ‘ಅರ್ಥ್ ಎಲ್ಲಿ ಹಾಕ್ತೆ ಮಗಾ?’ ಅಂತ ಅಪ್ಪಯ್ಯ ಕೇಳಿದರು. ಇದು 12 ವೋಲ್ಟಿನ ಬ್ಯಾಟರಿ, ದೋಣಿ ಫೈಬರ್‌ನದು. ಇಲ್ಲಿ ನೆಲದ ಸಹಾಯ ಬೇಡ. ಪ್ರತಿ ಲೈಟಿಗೂ ಕೆಂಪು ವೈರು ಹೋಗಬೇಕು, ಕಪ್ಪು ವೈರು ವಾಪಸ್ ಬರಬೇಕು, ಅಷ್ಟೇ ಅಂದೆ.

ಹಳೇದನ್ನೆಲ್ಲ ಕಿತ್ತು ಹಾಕಿದೆವು. ಮೊದಲು ಒಂದು ಹಾಳೆಯ ಮೇಲೆ ಲೆಕ್ಕ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಮೇಲೆ ಬಿಳಿ, ಈ ಮೂರು ಎಲ್‌ಇಡಿ ದೀಪ ಸೇರಿ 9 ವ್ಯಾಟ್. ಜಿಪಿಎಸ್‌ಗೆ 12 ವ್ಯಾಟ್. ಬಲೆ ಎಳೆಯುವಾಗ ಬೇಕಾದ ದೊಡ್ಡ ಲೈಟ್ 60 ವ್ಯಾಟ್. ವ್ಯಾಟನ್ನು 12ರಿಂದ ಭಾಗಿಸಿದರೆ ಆಂಪಿಯರ್. ಹತ್ತು ಗಂಟೆ ದೀಪ ಮತ್ತು ಜಿಪಿಎಸ್, ಮೂರು ಗಂಟೆ ದೊಡ್ಡ ಲೈಟ್, ನಡುನಡುವೆ ನೀರು ತೋಡುವ ಪಂಪ್, ಎಲ್ಲ ಸೇರಿ ರಾತ್ರಿಗೆ ಸುಮಾರು 35 ಆಂಪಿಯರ್ ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಹಾಗಾಗಿ 100ರ ಬ್ಯಾಟರಿ ಸಾಕು ಅನ್ನಿಸಿತು.

ಮೇಲೊಂದು ಸೋಲಾರ್ ಪ್ಯಾನೆಲ್ ಹಾಕೋಣ ಅಂತ ನಾನು ಜೋರಾಗಿಯೇ ಹೇಳಿದೆ. ಎಷ್ಟಾದರೂ ಪಾವಗಡದವನಲ್ಲವೇ! ಅಪ್ಪಯ್ಯ ಒಂದೇ ಮಾತಿನಲ್ಲಿ ಬೇಡ ಅಂದರು. ಬಲೆ ಎಳೆಯುವಾಗ ಅದರ ಮೂಲೆಗೆ ಸಿಕ್ಕಿಕೊಂಡರೆ ಪ್ಯಾನೆಲ್ಲೂ ಹೋಯಿತು, ಬಲೆಯೂ ಹೋಯಿತು. ದಡದಲ್ಲೇ ಚಾರ್ಜ್ ಮಾಡಿಕೊಂಡು ಹೊರಡುವುದು ಅಂತ ತೀರ್ಮಾನವಾಯಿತು.

ವೈರು ತವರ ಲೇಪಿಸಿದ ಸಣ್ಣ ಎಳೆಗಳ ತಾಮ್ರದ್ದು. ದೋಣಿ ಸದಾ ಅದುರುತ್ತದೆ, ಒಂದೇ ದಪ್ಪ ಎಳೆಯ ವೈರು ಮುರಿಯುತ್ತದೆ. ದಪ್ಪದ ವಿಷಯದಲ್ಲಿ ಗೆಳೆಯ ದುಡ್ಡು ಉಳಿಸಲು ನೋಡಿದ. ಮತ್ತೆ ಲೆಕ್ಕ ತೋರಿಸಿದೆ. ಬ್ಯಾಟರಿಯಿಂದ ಮೂತಿಯ ಕಡೆಯ ದೊಡ್ಡ ಲೈಟಿಗೆ 6 ಮೀಟರ್, ಹೋಗಿ ಬರಲು 12. ಒಂದು ಚದರ ಮಿಲಿಮೀಟರ್ ವೈರಿನಲ್ಲಿ 5 ಆಂಪಿಯರ್ ಹರಿದರೆ ದಾರಿಯಲ್ಲೇ ಒಂದು ವೋಲ್ಟ್ ಕಳೆದುಹೋಗುತ್ತದೆ. ಮನೆಯ 230ರಲ್ಲಿ ಒಂದು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, 12ರಲ್ಲಿ ಒಂದು ಹೋದರೆ ಗೊತ್ತಾಗುತ್ತದೆ. ಎರಡೂವರೆಯ ವೈರು ತಂದೆವು.

ತಿರುಚಿ ಟೇಪ್ ಸುತ್ತುವ ಮಾತೇ ಇಲ್ಲ. ಎಲ್ಲ ತುದಿಗೂ ಲಗ್ ಹಾಕಿ ಕ್ರಿಂಪ್ ಮಾಡಿ, ಮೇಲೆ ಅಂಟು ಇರುವ ಕೊಳವೆ ಹಾಕಿ ಬಿಸಿ ಮಾಡಿ ಮುಚ್ಚಿದೆವು. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸ್. ಆಮೇಲೆ ಒಂದೊಂದು ಲೈನಿಗೂ ಬೇರೆ ಬೇರೆ ಫ್ಯೂಸ್, ಒಂದು ಕೆಟ್ಟರೆ ಎಲ್ಲ ಆರಬಾರದು. ಫ್ಯೂಸ್ ಇರೋದು ಲೈಟ್ ಕಾಯೋಕಲ್ಲ, ವೈರ್ ಸುಡದ ಹಾಗೆ ಕಾಯೋಕೆ. ನೀರು ತೋಡುವ ಪಂಪಿಗೆ ಮಾತ್ರ ಮೇನ್ ಸ್ವಿಚ್ ದಾಟಿ ಬ್ಯಾಟರಿಯಿಂದಲೇ ನೇರ ಲೈನ್, ಅದಕ್ಕೂ ಒಂದು ಫ್ಯೂಸ್. ಎಲ್ಲ ಆಫ್ ಇದ್ದಾಗಲೂ ಅದು ಓಡಬೇಕು. ಡಬ್ಬಿಯೊಳಗೆ ಹೋಗುವ ಮೊದಲು ವೈರನ್ನು ಸ್ವಲ್ಪ ಕೆಳಗೆ ಇಳಿಬಿಟ್ಟು ಮೇಲಕ್ಕೆ ತಿರುಗಿಸಿದೆವು. ವೈರಿನ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ.

ಕೊನೆಗೆ ನನ್ನ ಹೆಮ್ಮೆಯ ಕೆಲಸ, ಲೇಬಲ್. ಸೋಲಾರ್ ಪಾರ್ಕಿನಲ್ಲಿ ಪ್ರತಿ ಕೇಬಲ್ಲಿಗೂ ನಂಬರ್ ಇರುತ್ತಿತ್ತು. ಅದೇ ಅಭ್ಯಾಸದಲ್ಲಿ ಕನ್ನಡದಲ್ಲಿ ಚೆಂದಾಗಿ ‘ಎಡ’, ‘ಬಲ’, ‘ಬಲೆ ಲೈಟ್’ ಅಂತ ಬರೆದು ಅಂಟಿಸಿದೆ. ಅಪ್ಪಯ್ಯ ನೋಡಿ ನಕ್ಕರು. ‘ನಂಗ್ ಕನ್ನಡಕ ಹಾಕಂಡ್ ದೋಣಿಗ್ ಹೋಪುಕ್ ಆತ್ತಾ?’

ನಿಜ. ಲೈಟ್ ಹೋದಾಗಲೇ ತಾನೇ ಫ್ಯೂಸ್ ಹುಡುಕುವುದು? ಆಗ ಓದುವುದಕ್ಕೆ ಬೆಳಕೆಲ್ಲಿ? ಅವರೇ ಚಾಕು ತಂದು ಫ್ಯೂಸ್ ಡಬ್ಬಿಯ ಅಂಚಿನಲ್ಲಿ ಗೀರು ಹಾಕಿದರು. ಒಂದು ಗೀರು ಎಡದ ದೀಪ, ಎರಡು ಬಲ, ಮೂರು ಬಿಳಿ, ನಾಲ್ಕು ಬಲೆ ಲೈಟ್. ಕಣ್ಣು ಮುಚ್ಚಿ, ಒದ್ದೆ ಬೆರಳಿನಲ್ಲಿ ತಡವಿ ನೋಡಿದರು. ‘ಈಗ ಸಾಕ್’ ಅಂದರು. ಬದಲಿ ಫ್ಯೂಸ್‌ಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಅದರ ಪಕ್ಕದಲ್ಲೇ ಕಟ್ಟಿದೆವು.

ಅಚ್ಚುಕಟ್ಟು ಅಂದರೆ ನೋಡೋಕೆ ಚೆಂದ ಇರೋದು ಅಂತ ಅಲ್ಲಿಯವರೆಗೂ ಅಂದುಕೊಂಡಿದ್ದೆ. ಆವತ್ತು ನಮ್ಮಪ್ಪ ನೆನಪಾದರು. ನಾನು ಪಿಯುಸಿಯಲ್ಲಿದ್ದಾಗ ತೋಟದ ಸ್ಟಾರ್ಟರ್ ಡಬ್ಬ ಮುಟ್ಟಿ ಶಾಕ್ ಹೊಡೆದು ಬಿದ್ದಿದ್ದರು. ಮೂರು ದಿನ ಬಲಗೈ ಎತ್ತಲಾಗಲಿಲ್ಲ. ಅರ್ಥ್ ವೈರು ಕಿತ್ತು ಯಾವಾಗಲೋ ಆಗಿತ್ತು, ಆ ಜಡೆಯೊಳಗೆ ಯಾರಿಗೂ ಕಂಡಿರಲಿಲ್ಲ. ಯಾವ ವೈರು ಎಲ್ಲಿಗೆ ಅಂತ ಗೊತ್ತಿದ್ದವನು ಅದನ್ನು ಕಟ್ಟಿದವನೊಬ್ಬನೇ. ಅವನು ಬೆಂಗಳೂರು ಸೇರಿ ಎಷ್ಟೋ ವರ್ಷವಾಗಿತ್ತು. ಆಮೇಲೆ ನಾನು ಅದೇ ಓದು ಓದಿದೆ, ಸಾವಿರಾರು ಕೇಬಲ್ಲಿಗೆ ನಂಬರ್ ಹಾಕಿದೆ. ನಮ್ಮ ಪಂಪ್ ಮನೆಗೆ ಮಾತ್ರ ಕೈ ಹಾಕಿರಲಿಲ್ಲ. ‘ಓಡ್ತಾ ಐತಲ್ಲ, ಬಿಡು’ ಅಂತ ಅಪ್ಪ ಅನ್ನುತ್ತಿದ್ದರು, ನಾನೂ ಬಿಟ್ಟಿದ್ದೆ.

ಗಂಗೊಳ್ಳಿಯಿಂದ ಬಂದ ವಾರವೇ ಊರಿಗೆ ಹೋದೆ. ಟೀಸಿಯಲ್ಲಿ ಲೈನ್ ಆಫ್ ಮಾಡಿಸಿ, ಟೆಸ್ಟರ್ ಹಿಡಿದು ನೋಡಿ, ಸ್ಟಾರ್ಟರ್ ಡಬ್ಬ ಬಿಚ್ಚಿದೆ. ಹೊಸ ಅರ್ಥ್ ಗುಂಡಿ ತೋಡಿ ಇದ್ದಿಲು ಉಪ್ಪು ಹಾಕುವಾಗ ಅಪ್ಪನಿಗೆ ಕಡಲಿನ ಉಪ್ಪಿನ ಕಥೆ ಹೇಳಿದೆ. ವೈರೆಲ್ಲ ಸಾಲಾಗಿ ಕಟ್ಟಿ, ಯಾವುದು ಎಲ್ಲಿಗೆ ಅಂತ ಬಾಗಿಲಿನ ಒಳಗಡೆ ಬಣ್ಣದಲ್ಲಿ ಚಿತ್ರ ಬರೆದೆ. ಅಪ್ಪ ಸುಮಾರು ಹೊತ್ತು ಅದನ್ನೇ ನೋಡುತ್ತಾ ನಿಂತರು. ‘ಇದು ಮೊದ್ಲೇ ಇದ್ದಿದ್ರೆ...’ ಅಂದು ಸುಮ್ಮನಾದರು. ಆ ಮಾತು ನನಗೆ ಶಾಕಿಗಿಂತ ಜೋರಾಗಿ ತಟ್ಟಿತು.

ಸೆಪ್ಟೆಂಬರ್‌ನಲ್ಲಿ ಒಂದು ಬೆಳಗ್ಗೆ ಆರಕ್ಕೇ ಗೆಳೆಯನ ಫೋನ್. ರಾತ್ರಿ ಬಿಳಿ ದೀಪ ಹೋಗಿತ್ತಂತೆ. ನನ್ನ ಎದೆ ಧಸಕ್ ಅಂತು. ಅವನು ನಗುತ್ತಿದ್ದ. ಅಪ್ಪಯ್ಯ ಕೈಯಾಡಿಸಿ, ಮೂರು ಗೀರು ಹುಡುಕಿ, ಹೊಸ ಫ್ಯೂಸ್ ತಳ್ಳಿದರಂತೆ. ಎರಡು ನಿಮಿಷವೂ ಆಗಲಿಲ್ಲವಂತೆ.

‘ಫ್ಯೂಸ್ ಯಾಕೆ ಹೋಯ್ತು ಅಂತ ನೋಡಿದ್ಯಾ?’ ಅಂತ ಕೇಳಿದೆ.

‘ಈಗ ಅದನ್ನೇ ಬಿಚ್ಚಿ ನೋಡ್ತಾ ಇದ್ದೇನೆ. ಬಲೆಯ ಹಗ್ಗ ಉಜ್ಜಿ ಒಂದು ಕಡೆ ವೈರಿನ ಸಿಪ್ಪೆ ಹೋಗಿದೆ’ ಅಂದ. ‘ಟೇಪ್ ಸುತ್ತುದಿಲ್ಲ ಮಾರಾಯಾ, ಹೆದ್ರಬೇಡ. ಹೊಸ ವೈರೇ ಎಳಿತೇನೆ.’