ನೆಂಟನಾಗುವ ಕೆಲಸ

ಯೇರ್ಕಾಡಿನ ರೆಸಾರ್ಟ್‌ಗಳ ಮೇಲೆ ನನಗೇನೂ ಸಿಟ್ಟಿಲ್ಲ. ಸೇಲಂನಿಂದ ಇಪ್ಪತ್ತು ಹೇರ್‌ಪಿನ್ ತಿರುವು ಹತ್ತಿದರೆ ತಣ್ಣನೆ ಗಾಳಿ, 1820ರ ದಶಕದಲ್ಲಿ ಕಲೆಕ್ಟರ್ ಕಾಕ್‌ಬರ್ನ್ ತಂದು ನೆಡಿಸಿದ ಕಾಫಿಯ ಸಂತತಿ, ಮಡಿಕೆ ಮುರಿಯದ ಬಿಳಿ ಹೊದಿಕೆ. ಕೋಣೆಯ ಬೀಗದ ಕೈ ಕೊಟ್ಟವನು ಮತ್ತೆ ಮುಖ ತೋರಿಸುವುದಿಲ್ಲ. ಮಧ್ಯಾಹ್ನದವರೆಗೆ ಮಲಗಿದರೂ ಕೇಳುವವರಿಲ್ಲ. ಕೇಳುವವರಿಲ್ಲ ಅನ್ನುವುದೇ ನನ್ನ ತಕರಾರು.

ಬೆಟ್ಟದ ಬುಡದಲ್ಲಿ, ಸೇಲಂ ಪೇಟೆಯೊಳಗಿನ ದೇವಾಂಗರ ಮನೆಯಲ್ಲಿ ಉಳಿದು ನೋಡಿ. ತಲೆಮಾರುಗಳಿಂದ ತಮಿಳು ನಾಡಿನಲ್ಲಿದ್ದೂ ಒಲೆಯ ಮುಂದೆ ಕನ್ನಡವಾಡುವ ನೇಕಾರರು. ನಾನು ಹೋದದ್ದು ಸ್ನೇಹಿತನ ಸೋದರಮಾವನ ಮನೆಗೆ. ನಡುಮನೆಯಲ್ಲೇ ನೆಲಕ್ಕೆ ಗುಂಡಿ ತೋಡಿ ಹೂಡಿದ ಮಗ್ಗ. ಮಾವ ಅದರೊಳಕ್ಕೆ ಕಾಲು ಇಳಿಬಿಟ್ಟು ಕೂತರೆ ಸೊಂಟದ ಕೆಳಗಿನ ಭಾಗವೇ ಕಾಣದು. ನೇಯುತ್ತಿದ್ದದ್ದು ಬಿಳಿ ರೇಷ್ಮೆ ಪಂಚೆ, ಜಿಐ ಮಾನ್ಯತೆ ಪಡೆದ ಸೇಲಂ ವೆಣ್ಪಟ್ಟು. ಲಾಳಿ ಓಡುತ್ತಿದ್ದಂತೆಯೇ ವಿಚಾರಣೆ ಶುರು: ಸಂಬಳ ಎಷ್ಟು, ಮನೆ ಸ್ವಂತದ್ದೋ ಬಾಡಿಗೆಯದೋ, ಒಂದೇ ಮಗು ಯಾಕೆ? ಎಳೆ ಕಡಿದರೆ ಮಾತು ನಿಲ್ಲುತ್ತಿತ್ತು. ಗಂಟು ಹಾಕಿದ ಕೂಡಲೇ ಬಿಟ್ಟಲ್ಲಿಂದಲೇ ಮುಂದುವರಿಯುತ್ತಿತ್ತು.

ನೆಂಟನಾಗುವುದು ದುಡಿಮೆ ಸ್ವಾಮಿ. ಒಂದೇ ಬಚ್ಚಲು, ಶಾಲೆಗೆ ಹೋಗುವ ಹುಡುಗಿಯ ಸ್ನಾನ ಮುಗಿಯುವವರೆಗೆ ಹೆಗಲ ಮೇಲೆ ಟವಲ್ ಹಾಕಿಕೊಂಡು ಪೇಪರ್ ಓದುವವನ ಹಾಗೆ ನಟಿಸಬೇಕು, ಅದೂ ಬಾರದ ತಮಿಳಿನಲ್ಲಿ. ಬೇಡವೆಂದ ಇಡ್ಲಿ ಎಲೆಗೆ ಬಿದ್ದಾಗ ಅದನ್ನು ಗೌರವಿಸಬೇಕು. ಸಂಜೆ ಚೌಡೇಶ್ವರಿ ಗುಡಿಗೆ ಹೋಗಿ, ದಾರಿಯುದ್ದಕ್ಕೂ "ಇವರು ಬೆಂಗಳೂರಿನವರು" ಎಂದು ಅತ್ತೆ ಪರಿಚಯಿಸಿದ ಪ್ರತಿಯೊಬ್ಬರಿಗೂ ಹಲ್ಲು ಬಿಡಬೇಕು. ರೆಸಾರ್ಟಿಗೆ ಕೊಡುವ ದುಡ್ಡು ಕೋಣೆಗಲ್ಲ, ಈ ಚಾಕರಿಯಿಂದ ವಿನಾಯಿತಿಗೆ ಎಂಬುದು ನನ್ನ ಗುಮಾನಿ.

ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲಿ ರೆಸಾರ್ಟಿಗೂ ನೆಂಟತನಕ್ಕೂ ಒಂದು ನಡುದಾರಿ ಇದೆ. (1965ರವರೆಗೆ ಇದೂ ಸೇಲಂ ಜಿಲ್ಲೆಯೇ. ಇಲ್ಲಿಯ ಕನ್ನಡವಂತೂ ನೊಳಂಬ ಅರಸರ ಕಾಲದ್ದು. ಒಂಬತ್ತನೆಯ ಶತಮಾನದ ಶಾಸನವೇ ಇದೆ.) ಕಾವೇರಿ ಬಂಡೆ ದಿಬ್ಬಗಳನ್ನು ಬಳಸಿ ಕವಲೊಡೆಯುವ ಆ ಜಾಗದಲ್ಲಿ ಮೀನು ಕೊಂಡು ಒಲೆ ಹೂಡಿದ ಹೆಂಗಸರ ಕೈಗೆ ಕೊಟ್ಟರೆ, ನೀವು ಹರಿಗೋಲಿನಲ್ಲಿ ಸುತ್ತಿ ಬರುವಷ್ಟರಲ್ಲಿ ಹುರಿದಿಟ್ಟಿರುತ್ತಾರೆ. ಅರ್ಧ ಗಿರಾಕಿ, ಅರ್ಧ ನೆಂಟ. ನಾವು ನೀರಿನಲ್ಲೇ ಮೈಮರೆತು ತಡವಾಗಿ ಬಂದಾಗ ಹುರಿದಾಕೆ ಮೀನು ಆರಿತೆಂದು ಗದರಿದಳು, ಮತ್ತೆ ಕಾವಲಿಗೆ ಹಾಕಿ ಬಿಸಿ ಮಾಡಿದಳು. ಅದಕ್ಕೆ ಬೇರೆ ದುಡ್ಡು ಮುಟ್ಟಲಿಲ್ಲ.

ಸೇಲಂ ಮನೆಯ ಲೆಕ್ಕ ಮಾತ್ರ ಹೀಗೆ ಸ್ಥಳದಲ್ಲೇ ಚುಕ್ತಾ ಆಗುವಂಥದ್ದಲ್ಲ. ಆರು ತಿಂಗಳ ಮೇಲೆ ಮಾವನ ಮಗ ಇಂಟರ್‌ವ್ಯೂ ಎಂದು ನಮ್ಮಲ್ಲಿಗೆ ಬಂದ, ಒಂದು ಚೀಲ ಸೇಲಂ ಮಾವಿನಹಣ್ಣಿನ ಸಮೇತ. ಹಾಲ್‌ನಲ್ಲಿ ಮಲಗಿದ. ನನ್ನ ಬಾಡಿಗೆ ಎಷ್ಟೆಂದು ಕೇಳಿ, ಜಾಸ್ತಿಯಾಯಿತು ಅಂದ. ಲಿಫ್ಟ್ ಕೆಟ್ಟಿದ್ದರಿಂದ ನೀರಿನ ಕ್ಯಾನ್ ಹೊತ್ತು ಮೂರನೇ ಮಹಡಿಗೆ ತಂದುಕೊಟ್ಟ. ಕೆಲಸ ಬಲ್ಲ ಹುಡುಗ. ಈಗ ಮತ್ತೊಂದು ಇಂಟರ್‌ವ್ಯೂ ಇದೆಯಂತೆ; ಈ ಸಲ ಅತ್ತೆಯೂ ಜೊತೆಗೆ ಬರುತ್ತಾರಂತೆ.